ಟೈರಿನ ಹೊಳಪು: ಒಂದು ಪೂರ್ವಪಕ್ಷದ ಖಂಡನೆ

ವಾಹನದ ಟೈರು ಎಷ್ಟು ಕಪ್ಪಗೆ ಹೊಳೆಯುತ್ತದೆಯೋ ಅಷ್ಟು ಚೆನ್ನಾಗಿ ಅದನ್ನು ನೋಡಿಕೊಳ್ಳಲಾಗಿದೆ ಎಂಬ ತಿಳಿವಳಿಕೆ ವಾಟರ್ ಸರ್ವಿಸ್ ಕೇಂದ್ರಗಳಲ್ಲಿ, ಬಿಡಿಭಾಗಗಳ ಅಂಗಡಿಗಳಲ್ಲಿ, ಹಳೆಯ ಕಾರುಗಳನ್ನು ಮಾರುವ ಮಳಿಗೆಗಳಲ್ಲಿ ಮತ್ತು ಬಹುಪಾಲು ವಾಹನ ಮಾಲೀಕರ ಮನಸ್ಸಿನಲ್ಲಿ ಇಂದು ಗಟ್ಟಿಯಾಗಿ ಬೇರೂರಿದೆ. ಕಾರು ತೊಳೆದ ಮೇಲೆ ಟೈರಿಗೆ ಪಾಲಿಶ್ ಬಳಿಯದಿದ್ದರೆ ಕೆಲಸ ಅರ್ಧಕ್ಕೇ ನಿಂತಿತೆಂದು ಗಿರಾಕಿ ದೂರುತ್ತಾನೆ. ಬಳಿದರೆ, ಒಳಮೂಲೆಗಳಲ್ಲಿ ಕೆಸರು ಉಳಿದಿದ್ದರೂ, ತೃಪ್ತನಾಗಿ ಹಣ ಕೊಡುತ್ತಾನೆ. ಈ ತಿಳಿವಳಿಕೆ ಕೇವಲ ಅಭಿರುಚಿಯ ವಿಷಯವಾಗಿದ್ದರೆ ಅದನ್ನು ಖಂಡಿಸುವ ಅಗತ್ಯವಿರಲಿಲ್ಲ. ಆದರೆ ಅದು ರಬ್ಬರಿನ ಸ್ವಭಾವ, ಅದರ ಮುಪ್ಪು ಮತ್ತು ಅದರ ರಕ್ಷಣೆಯ ಬಗ್ಗೆ ನಿರ್ದಿಷ್ಟವಾದ ಪ್ರತಿಪಾದನೆಗಳನ್ನು ಮುಂದಿಡುತ್ತದೆ, ಮತ್ತು ಆ ಪ್ರತಿಪಾದನೆಗಳು ಬಹುಮಟ್ಟಿಗೆ ತಪ್ಪು ಎಂಬುದೇ ಈ ಲೇಖನದ ವಾದ.

ಪೂರ್ವಪಕ್ಷವನ್ನು ಮೊದಲು ಅದರದೇ ಬಲದಲ್ಲಿ ನಿಲ್ಲಿಸುವುದು ನ್ಯಾಯ. ಅದು ನಾಲ್ಕು ಕಾಲುಗಳ ಮೇಲೆ ನಿಂತಿದೆ. ಹೊಸ ಟೈರು ಹೊಳೆಯುತ್ತದೆ, ಆದ್ದರಿಂದ ಹೊಳಪನ್ನು ಮರಳಿ ತಂದರೆ ಹೊಸತನವೂ ಮರಳುತ್ತದೆ ಎಂಬುದು ಮೊದಲನೆಯದು. ಪಾಲಿಶ್ ಬಿಸಿಲಿನಿಂದ ರಬ್ಬರನ್ನು ಕಾಪಾಡಿ ಬಿರುಕು ಬಿಡದಂತೆ ತಡೆಯುತ್ತದೆ ಎಂಬುದು ಎರಡನೆಯದು. ಟೈರಿನ ಮೇಲೆ ಕಾಣುವ ಕಂದು ಛಾಯೆ ರಬ್ಬರು ಕೆಡುತ್ತಿರುವುದರ ಗುರುತಾದ್ದರಿಂದ ಅದನ್ನು ಮುಚ್ಚಬೇಕು ಎಂಬುದು ಮೂರನೆಯದು. ರಬ್ಬರಿಗೆ ಬೇಕಾದದ್ದು ಒಂದಿಷ್ಟು ಜಿಡ್ಡು, ಅದು ಬಾಟಲಿಯಿಂದ ಬಂದರೂ ಡೀಸೆಲ್ ಡಬ್ಬಿಯಿಂದ ಬಂದರೂ ಫಲ ಒಂದೇ ಎಂಬುದು ನಾಲ್ಕನೆಯದು. ಈ ನಾಲ್ಕನ್ನೂ ಒಂದೊಂದಾಗಿ ಪರೀಕ್ಷಿಸಿದರೆ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಮೊದಲನೆಯ ಮಾತಿಗೆ ಚರಿತ್ರೆಯೇ ಉತ್ತರ ಕೊಡುತ್ತದೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕದೊಡನೆ ರಬ್ಬರನ್ನು ಕಾಯಿಸಿ ಗಟ್ಟಿಗೊಳಿಸುವ ವಲ್ಕನೀಕರಣವನ್ನು ಕಂಡುಕೊಂಡಾಗಲೂ, ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದಾಗಲೂ ಟೈರು ಕಪ್ಪಾಗಿರಲಿಲ್ಲ. ರಬ್ಬರಿನ ಸಹಜ ಬಣ್ಣ ಹಾಗೂ ಅದಕ್ಕೆ ಬೆರೆಸುತ್ತಿದ್ದ ಸತುವಿನ ಆಕ್ಸೈಡ್‌ನಿಂದಾಗಿ ಅದು ಬಿಳಿಚಿಕೊಂಡಿತ್ತು. ಮಿಶೆಲಿನ್ ಕಂಪನಿಯ ಲಾಂಛನವಾಗಿ 1898ರಲ್ಲಿ ಹುಟ್ಟಿದ ಟೈರು ಮೈಯ ಮನುಷ್ಯ ಇಂದಿಗೂ ಬೆಳ್ಳಗಿರುವುದು ಆ ಕಾಲದ ಟೈರುಗಳ ಬಣ್ಣದಿಂದಲೇ. ಕಾರ್ಬನ್ ಬ್ಲ್ಯಾಕ್, ಅಂದರೆ ಎಣ್ಣೆ ಅಥವಾ ಅನಿಲವನ್ನು ಅರೆಬರೆ ಸುಟ್ಟು ಪಡೆಯುವ ಅತಿ ನುಣುಪಾದ ಮಸಿ, ರಬ್ಬರಿಗೆ ಬಲ ಕೊಡುತ್ತದೆ ಎಂಬ ಸಂಗತಿ 20ನೇ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ಸಿಲ್ವರ್‌ಟೌನ್‌ನಲ್ಲಿ ಗೊತ್ತಾಯಿತು, ಮತ್ತು ಮುಂದಿನ ಕೆಲವು ವರ್ಷಗಳಲ್ಲಿ ಸವೆತವನ್ನು ತಡೆಯುವ ಆ ಗುಣಕ್ಕಾಗಿ ಟೈರು ತಯಾರಕರು ಅದನ್ನು ಬಳಸತೊಡಗಿದರು. ಹೀಗೆ ಟೈರಿನ ಕಪ್ಪು ಬಣ್ಣವು ಬಾಳಿಕೆಯ ಜೊತೆಗೆ ಬಂದ ಉಪಫಲ. ಅದನ್ನು ಅಂದಕ್ಕಾಗಿ ಯಾರೂ ಆರಿಸಿಕೊಂಡದ್ದಲ್ಲ.

ಅಚ್ಚಿನಿಂದ ಆಗತಾನೆ ಹೊರಬಂದ ಟೈರನ್ನು ಗಮನಿಸಿದರೂ ಇದೇ ಸಿದ್ಧವಾಗುತ್ತದೆ. ಅದರ ಮೈ ಮಂದವಾದ ಕಪ್ಪು. ಒದ್ದೆಯಾದಂತೆ ಮಿರುಗುವ, ಎದುರಿನ ಬೆಳಕನ್ನು ಕನ್ನಡಿಯಂತೆ ಹಿಂದಕ್ಕೆಸೆಯುವ ಕಪ್ಪು ಯಾವ ಕಾರ್ಖಾನೆಯಿಂದಲೂ ಬರುವುದಿಲ್ಲ. ಹೊಸ ಟೈರನ್ನು ಗುರುತಿಸಬೇಕೆಂದಿದ್ದರೆ ಅಚ್ಚಿನ ಗಾಳಿರಂಧ್ರಗಳಲ್ಲಿ ಹರಿದು ಗಟ್ಟಿಯಾದ ರಬ್ಬರಿನ ಸಣ್ಣ ಕೂದಲುಗಳನ್ನು ನೋಡಬೇಕು, ತೋಡುಗಳ ಆಳವನ್ನು ನೋಡಬೇಕು. ಪಾಲಿಶ್ ತರುವ ಹೊಳಪು ಟೈರಿಗೆ ಹಿಂದೆಂದೂ ಇರದಿದ್ದ ಹೊಳಪು. ಎಂದೂ ಇರದಿದ್ದ ಗುಣವನ್ನು ಮರಳಿ ತರುವುದೆಂಬ ಮಾತಿಗೆ ಅರ್ಥವಿಲ್ಲ.

ಎರಡನೆಯ ಪ್ರತಿಪಾದನೆ ಹೆಚ್ಚು ಗಂಭೀರವಾದದ್ದು, ಏಕೆಂದರೆ ಟೈರು ಬಿರುಕು ಬಿಡುವುದು ನಿಜ, ಮತ್ತು ಅದು ಅಪಾಯಕಾರಿ ಎಂಬುದೂ ನಿಜ. ಆದರೆ ಬಿರುಕಿನ ಮುಖ್ಯ ಕಾರಣ ಬಿಸಿಲಲ್ಲ, ಓಝೋನ್. ಟೈರಿನ ಸೈಡ್‌ವಾಲ್, ಅಂದರೆ ರಿಮ್ಮಿನ ಅಂಚಿನಿಂದ ನೆಲ ಮುಟ್ಟುವ ಭಾಗದವರೆಗಿನ ಪಕ್ಕದ ಗೋಡೆ, ಸಾಮಾನ್ಯವಾಗಿ ನೈಸರ್ಗಿಕ ರಬ್ಬರ್ ಮತ್ತು ಬ್ಯುಟಾಡೈನ್ ರಬ್ಬರ್‌ಗಳ ಮಿಶ್ರಣ. ಈ ಎರಡರ ಉದ್ದನೆಯ ಅಣುಸರಪಳಿಗಳಲ್ಲೂ ಇಂಗಾಲದ ಪರಮಾಣುಗಳ ನಡುವೆ ದ್ವಿಬಂಧಗಳಿರುತ್ತವೆ, ಮತ್ತು ವಾಹನಗಳ ಹೊಗೆಯ ಮೇಲೆ ಬಿಸಿಲು ಬಿದ್ದಾಗ ನೆಲಮಟ್ಟದ ಗಾಳಿಯಲ್ಲಿ ಹುಟ್ಟುವ ಓಝೋನ್ ಅನಿಲವು ಆ ದ್ವಿಬಂಧಗಳನ್ನೇ ಹುಡುಕಿ ಕತ್ತರಿಸುತ್ತದೆ. ರಬ್ಬರು ಎಳೆದ ಸ್ಥಿತಿಯಲ್ಲಿದ್ದಾಗ ಕತ್ತರಿಸಿದ ತುದಿಗಳು ದೂರ ಸರಿದು, ಎಳೆತದ ದಿಕ್ಕಿಗೆ ಅಡ್ಡವಾಗಿ ಬಿರುಕು ತೆರೆದುಕೊಳ್ಳುತ್ತದೆ. ಈ ದಾಳಿಗೆ ಅನಿಲ ಬಹಳ ಬೇಕಾಗಿಲ್ಲ. ರಬ್ಬರಿನ ಓಝೋನ್ ನಿರೋಧವನ್ನು ಅಳೆಯುವ ಪ್ರಯೋಗಾಲಯದ ವಾಡಿಕೆಯ ಪರೀಕ್ಷೆಯಲ್ಲಿ ಹತ್ತು ಕೋಟಿ ಪಾಲು ಗಾಳಿಗೆ 50 ಪಾಲು ಓಝೋನ್ ಬೆರೆಸಿ, 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಶೇ 20ರಷ್ಟು ಎಳೆದ ರಬ್ಬರ್ ಪಟ್ಟಿಯನ್ನು ಇರಿಸುತ್ತಾರೆ.

ಈ ಶತ್ರುವನ್ನು ತಯಾರಕರು ಅರಿಯದೆ ಬಿಟ್ಟಿಲ್ಲ. ರಬ್ಬರನ್ನು ಅರೆಯುವಾಗಲೇ ಅವರು ಎರಡು ರಕ್ಷಕಗಳನ್ನು ಬೆರೆಸಿರುತ್ತಾರೆ. ಮೊದಲನೆಯದು ಮೇಣ, ಅದು ನಿಧಾನವಾಗಿ ಮೇಲ್ಮೈಗೆ ಜಿನುಗಿ ತೆಳ್ಳನೆಯ ಪೊರೆಯಾಗಿ ಓಝೋನನ್ನು ಹೊರಗೇ ತಡೆಯುತ್ತದೆ. ಆದರೆ ಟೈರು ಉರುಳಿ ಬಳುಕಿದಾಗ ಆ ಪೊರೆ ಬಿರಿಯುತ್ತದೆಯಾದ್ದರಿಂದ ಎರಡನೆಯ ರಕ್ಷಕ ಬೇಕಾಗುತ್ತದೆ: ಓಝೋನ್ ನಿರೋಧಕವೆಂದು ಕರೆಯುವ, 6ಪಿಪಿಡಿಯಂಥ ರಾಸಾಯನಿಕ. ಅದೂ ಒಳಗಿನಿಂದ ಮೇಲಕ್ಕೆ ಬರುತ್ತಲೇ ಇದ್ದು, ಓಝೋನ್ ರಬ್ಬರನ್ನು ಮುಟ್ಟುವ ಮೊದಲೇ ತಾನೇ ಅದರೊಡನೆ ವರ್ತಿಸಿ ಬಲಿಯಾಗುತ್ತದೆ. ಓಡುವ ಟೈರಿನಲ್ಲಿ ಈ ಸರಬರಾಜು ಚುರುಕಾಗಿರುತ್ತದೆ. ತಿಂಗಳುಗಟ್ಟಲೆ ಒಂದೇ ಕಡೆ ನಿಂತ ವಾಹನದ ಟೈರು ಓಡುವ ವಾಹನದ್ದಕ್ಕಿಂತ ಬೇಗ ಬಿರುಕು ಬಿಡುವುದಕ್ಕೆ ಇದೂ ಒಂದು ಕಾರಣ. ಒಟ್ಟಿನಲ್ಲಿ ರಕ್ಷಣೆಯು ಟೈರಿನ ಒಳಗಿನಿಂದ ಹೊರಕ್ಕೆ ಹರಿಯುತ್ತದೆ. ಹೊರಗಿನಿಂದ ಬಳಿದು ಒಳಕ್ಕೆ ಪೋಷಣೆ ಒದಗಿಸುತ್ತೇವೆಂಬ ಮಾತು ಈ ಹರಿವಿನ ದಿಕ್ಕನ್ನೇ ತಿರುಗುಮುರುಗಾಗಿ ತಿಳಿದದ್ದು.

ಬಾಟಲಿಗಳ ಮೇಲೆ ಎದ್ದು ಕಾಣುವ ನೇರಳಾತೀತ ಕಿರಣಗಳ ರಕ್ಷಣೆಯ ಭರವಸೆಯನ್ನೂ ಇಲ್ಲಿಯೇ ತೂಗಬಹುದು. ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುವುದರಲ್ಲಿ ಕಾರ್ಬನ್ ಬ್ಲ್ಯಾಕ್‌ಗೆ ಸರಿಸಾಟಿಯಾದ ವಸ್ತುಗಳು ಕಡಿಮೆ, ಮತ್ತು ಟೈರಿನ ತೂಕದಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಇಂಥ ಬಲವರ್ಧಕ ವಸ್ತುವೇ ಇರುತ್ತದೆ. ಕಿರಣಗಳು ಮೇಲ್ಮೈಯ ಅತಿ ತೆಳುವಾದ ಪದರವನ್ನು ದಾಟಿ ಒಳಕ್ಕೆ ಇಳಿಯಲಾರವು. ಕಪ್ಪು ಛತ್ರಿಯನ್ನು ಹಿಡಿದವನಿಗೆ ಪಾರದರ್ಶಕ ಹಾಳೆಯೊಂದನ್ನು ಹೊದಿಸಿ ಬಿಸಿಲು ತಡೆದೆವೆಂದು ಹೇಳಿಕೊಳ್ಳುವಂತಿದೆ ಈ ಭರವಸೆ.

ಮೂರನೆಯ ಪ್ರತಿಪಾದನೆಯಾದ ಕಂದು ಛಾಯೆಯ ಭಯ ಇದೇ ರಸಾಯನದ ಅರೆತಿಳಿವಿನಿಂದ ಹುಟ್ಟಿದ್ದು. ಮೇಲೆ ಬಂದ ಓಝೋನ್ ನಿರೋಧಕವು ಗಾಳಿ ಮತ್ತು ಓಝೋನ್‌ನೊಡನೆ ವರ್ತಿಸಿದಾಗ ಕಂದು ಬಣ್ಣ ತಳೆಯುತ್ತದೆ. ಅದಕ್ಕೆ ರಸ್ತೆಯ ಧೂಳು, ಬ್ರೇಕಿನ ಪುಡಿ ಮತ್ತು ಹಳೆಯ ಪಾಲಿಶಿನ ಜಿಡ್ಡು ಅಂಟಿಕೊಂಡು ಛಾಯೆ ಗಾಢವಾಗುತ್ತದೆ. ಧೂಳಿನ ಪಾಲನ್ನು ತೊಳೆಯಬಹುದು, ತೊಳೆಯಬೇಕು. ಆದರೆ ಉಳಿದ ಕಂದು, ರಕ್ಷಕವು ತನ್ನ ಕೆಲಸ ಮಾಡಿದ್ದರ ಗುರುತು. ಅದನ್ನು ರೋಗವೆಂದು ತಿಳಿದು ತೀಕ್ಷ್ಣವಾದ ದ್ರಾವಕಗಳಿಂದ ವಾರವಾರವೂ ಕೆರೆದು ತೆಗೆಯುವವರು ಟೈರಿನ ಮೀಸಲು ನಿಧಿಯನ್ನೇ ಬೇಗ ಬರಿದುಮಾಡುತ್ತಾರೆ. ತೊಳೆಯದೆ ಅದರ ಮೇಲೆಯೇ ಪಾಲಿಶ್ ಬಳಿಯುವವರ ತಪ್ಪು ಬೇರೆ ಬಗೆಯದು: ಧೂಳಿನ ಪದರಕ್ಕೆ ಅಂಟಿದ ಪಾಲಿಶ್ ಧೂಳಿನ ಜೊತೆಗೇ ಕಳಚಿ, ಎರಡು ದಿನಗಳಲ್ಲಿ ಟೈರು ಮೊದಲಿಗಿಂತ ಕೊಳಕಾಗಿ ಕಾಣುತ್ತದೆ, ಮತ್ತು ಅದನ್ನು ಮುಚ್ಚಲು ಮತ್ತೊಂದು ಪದರ ಬೇಕಾಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಹಾನಿಕರ. ಯಾವ ಜಿಡ್ಡಾದರೂ ಆದೀತು ಎಂಬ ನಂಬಿಕೆಯಿಂದ ಡೀಸೆಲ್, ಸೀಮೆಎಣ್ಣೆ, ಬಳಸಿ ಬಿಸಾಡಿದ ಎಂಜಿನ್ ಆಯಿಲ್, ಕೊಬ್ಬರಿ ಎಣ್ಣೆ, ಗ್ಲಿಸರಿನ್ ಎಲ್ಲವೂ ಟೈರಿನ ಮೈಗೆ ಏರಿವೆ. ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಡೀಸೆಲ್, ಸೀಮೆಎಣ್ಣೆ ಮತ್ತು ಎಂಜಿನ್ ಆಯಿಲ್‌ಗಳು ಪೆಟ್ರೋಲಿಯಂ ಮೂಲದವು. ಟೈರಿನಲ್ಲಿರುವ ಬಗೆಯ ರಬ್ಬರು ಅವುಗಳನ್ನು ಹೀರಿ ಉಬ್ಬಿ ಮೆತ್ತಗಾಗುತ್ತದೆ, ಮೇಲೆ ಹೇಳಿದ ಮೇಣ ಅವುಗಳಲ್ಲಿ ಕರಗುತ್ತದೆ. ಪೆಟ್ರೋಲ್ ಹರಿಯುವ ಕೊಳವೆಗಳಿಗೆ ಟೈರಿನ ರಬ್ಬರನ್ನು ಬಳಸದೆ ಎಣ್ಣೆಯನ್ನು ತಾಳಿಕೊಳ್ಳುವ ನೈಟ್ರೈಲ್‌ನಂಥ ಬೇರೆ ರಬ್ಬರನ್ನು ಬಳಸುವುದು ಈ ಕಾರಣಕ್ಕಾಗಿಯೇ. ಡೀಸೆಲ್ ಒರೆಸಿದ ಟೈರು ಗಾಢ ಕಪ್ಪಾಗಿ ಕಾಣುವುದು ನಿಜ, ಆದರೆ ಆ ಕಪ್ಪು ಮೇಲ್ಪದರ ಎಣ್ಣೆ ಕುಡಿದದ್ದರ ಕಪ್ಪು. ಕೊಬ್ಬರಿ ಎಣ್ಣೆ ಒಣಗದೆ ಜಿಗುಟಾಗಿ ಉಳಿದು ರಸ್ತೆಯ ಧೂಳನ್ನೆಲ್ಲ ಕರೆಯುತ್ತದೆ. ಗ್ಲಿಸರಿನ್ ಮಾತ್ರ ಇವುಗಳಲ್ಲಿ ಸಾಧುವಾದದ್ದು: ಅದು ನೀರಿನಲ್ಲಿ ಬೆರೆಯುವ ದ್ರವವಾದ್ದರಿಂದ ರಬ್ಬರನ್ನು ಉಬ್ಬಿಸುವುದಿಲ್ಲ, ಆದರೆ ಅದೇ ಕಾರಣಕ್ಕೆ ಮೊದಲ ಮಳೆಗೇ ತೊಳೆದುಹೋಗುತ್ತದೆ, ಮತ್ತು ಗಾಳಿಯ ತೇವವನ್ನು ಹೀರುವ ಗುಣದಿಂದ ಧೂಳು ಹಿಡಿಯುತ್ತದೆ.

ಬಾಟಲಿಯಲ್ಲಿ ಬರುವ ಪಾಲಿಶ್‌ಗಳೂ ಒಂದೇ ಜಾತಿಯವಲ್ಲ, ಮತ್ತು ಆಯ್ಕೆಯ ಪ್ರಶ್ನೆ ನಿಜವಾಗಿ ಹುಟ್ಟುವುದು ಇಲ್ಲಿ. ಎರಡು ಮುಖ್ಯ ಬಗೆಗಳಲ್ಲೂ ಹೊಳಪು ಕೊಡುವ ವಸ್ತು ಬಹುತೇಕ ಒಂದೇ: ಸಿಲಿಕೋನ್ ಎಣ್ಣೆ, ಅಂದರೆ ಸಿಲಿಕಾನ್ ಮತ್ತು ಆಮ್ಲಜನಕದ ಸರಪಳಿಯ ಸ್ಥಿರವಾದ ದ್ರವ. ವ್ಯತ್ಯಾಸವಿರುವುದು ಅದನ್ನು ಹೊತ್ತು ತರುವ ವಾಹಕದಲ್ಲಿ. ದ್ರಾವಕ ಮೂಲದ ಪಾಲಿಶ್‌ನಲ್ಲಿ ಪೆಟ್ರೋಲಿಯಂ ದ್ರಾವಕ ಅದನ್ನು ಹೊತ್ತಿರುತ್ತದೆ. ಅದು ಸಾಮಾನ್ಯವಾಗಿ ತಿಳಿಯಾಗಿದ್ದು, ಸೀಮೆಎಣ್ಣೆಯಂಥ ವಾಸನೆ ಬೀರುತ್ತದೆ, ಡಬ್ಬಿಯ ಮೇಲೆ ಬೆಂಕಿಯ ಎಚ್ಚರಿಕೆ ಇರುತ್ತದೆ. ನೀರು ಮೂಲದ ಪಾಲಿಶ್‌ನಲ್ಲಿ ಸಿಲಿಕೋನ್ ಸಣ್ಣ ಹನಿಗಳಾಗಿ ನೀರಿನಲ್ಲಿ ಹರಡಿರುತ್ತದೆಯಾದ್ದರಿಂದ ದ್ರವ ಹಾಲಿನಂತೆ ಬೆಳ್ಳಗಿರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಮರೆಯದೆಯೂ, ಅಂಗಡಿಯಲ್ಲಿ ನಿಂತ ಗಿರಾಕಿ ಈ ಒಂದು ಗುರುತಿನಿಂದ ಬಹುಪಾಲು ಸರಿಯಾದ ಆಯ್ಕೆ ಮಾಡಬಹುದು. ದ್ರಾವಕ ಮೂಲದ್ದು ಹೆಚ್ಚು ಮಿರುಗುತ್ತದೆ, ಹೆಚ್ಚು ದಿನ ನಿಲ್ಲುತ್ತದೆ. ನೀರು ಮೂಲದ್ದು ಮಂದವಾಗಿದ್ದು ಬೇಗ ಮಾಸುತ್ತದೆ. ಪೇಟೆ ಮೊದಲನೆಯದನ್ನು ಮೆಚ್ಚುವುದು ಈ ಕಾರಣಕ್ಕೆ, ರಬ್ಬರಿಗೆ ಎರಡನೆಯದು ಒಗ್ಗುವುದು ಆ ದ್ರಾವಕವಿಲ್ಲದ ಕಾರಣಕ್ಕೆ.

ಇಲ್ಲಿ ಎದುರು ತುದಿಯ ಅತಿರೇಕವನ್ನೂ ಖಂಡಿಸಬೇಕಾಗುತ್ತದೆ. ಸಿಲಿಕೋನ್ ಎಂಬ ಹೆಸರು ಕೇಳಿದೊಡನೆ ಅದು ಟೈರನ್ನು ಒಣಗಿಸಿ ಒಡೆಯುತ್ತದೆ ಎಂದು ಹೆದರಿಸುವವರಿದ್ದಾರೆ. ಸಿಲಿಕೋನ್ ಎಣ್ಣೆ ಟೈರಿನ ರಬ್ಬರಿನೊಳಗೆ ಅಷ್ಟಾಗಿ ಇಳಿಯುವುದಿಲ್ಲ. ಹಸಿ ಟೈರಿಗೂ ಅದನ್ನು ಒಳಗಿನಿಂದ ಉಬ್ಬಿಸಿ ಅಚ್ಚಿಗೆ ಒತ್ತುವ ರಬ್ಬರ್ ಚೀಲಕ್ಕೂ ನಡುವೆ ಅಂಟು ತಡೆಯಲು ಕಾರ್ಖಾನೆಗಳೇ ಸಿಲಿಕೋನ್ ಲೇಪಗಳನ್ನು ಬಳಸುತ್ತವೆ. ದೋಷವಿರುವುದು ವಾಹಕ ದ್ರಾವಕದಲ್ಲಿ ಮತ್ತು ಬಳಿಯುವ ರೀತಿಯಲ್ಲಿ. ದ್ರಾವಕವೂ ಒಮ್ಮೆ ಹಚ್ಚಿದ ಮಾತ್ರಕ್ಕೆ ಟೈರನ್ನು ಒಡೆಯುವುದಿಲ್ಲ, ಅದು ಬೇಗ ಆವಿಯಾಗಿ ಹೋಗುತ್ತದೆ. ವಾರಕ್ಕೊಮ್ಮೆ ವರ್ಷಗಟ್ಟಲೆ ದಪ್ಪವಾಗಿ ಬಳಿಯುವ ಅಭ್ಯಾಸವೇ ಆಕ್ಷೇಪಕ್ಕೆ ಗುರಿ.

ಬಳಿಯುವ ಜಾಗದ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಗೂ ಅವಕಾಶವಿಲ್ಲ. ಕಾರಿನ ಒಂದೊಂದು ಟೈರು ನೆಲವನ್ನು ಮುಟ್ಟುವುದು ಸುಮಾರು ಅಂಗೈಯಗಲದ ಜಾಗದಲ್ಲಿ. ವೇಗ, ತಿರುವು, ಬ್ರೇಕು ಎಲ್ಲವೂ ಆ ನಾಲ್ಕು ಅಂಗೈಗಳನ್ನು ನಂಬಿವೆ. ಆಡುಮಾತಿನಲ್ಲಿ ಗ್ರಿಪ್ ಎನ್ನುವ ಟ್ರೆಡ್‌ಗೆ, ಅಂದರೆ ತೋಡುಗಳಿರುವ ನೆಲ ಮುಟ್ಟುವ ಭಾಗಕ್ಕೆ, ಸಿಲಿಕೋನ್ ಬಳಿಯುವುದೆಂದರೆ ಜಾರುವಿಕೆಗಾಗಿಯೇ ಹೆಸರಾದ ವಸ್ತುವನ್ನು ಹಿಡಿತದ ಜಾಗಕ್ಕೆ ಹಚ್ಚುವುದು. ಸ್ಪ್ರೇ ಮಾಡಿದಾಗ ಹಾರುವ ತುಂತುರು ಅಲಾಯ್ ಚಕ್ರದ ಸಂದಿನಿಂದ ಬ್ರೇಕ್ ಡಿಸ್ಕಿನ ಮೇಲೂ ಬೀಳಬಹುದು. ದಪ್ಪವಾಗಿ ಬಳಿದು ಒರೆಸದೆ ಬಿಟ್ಟ ಪಾಲಿಶ್, ಚಕ್ರ ತಿರುಗಿದಾಗ ಎರಚಿ ಕಾರಿನ ಪಕ್ಕಕ್ಕೆ ಕಪ್ಪು ಚುಕ್ಕೆಗಳಾಗಿ ಅಂಟುತ್ತದೆ. ಆ ಜಾಗಕ್ಕೆ ಮುಂದೆಂದಾದರೂ ಬಣ್ಣ ಹೊಡೆಯಬೇಕಾಗಿ ಬಂದರೆ, ಪೂರ್ತಿ ತೊಲಗದ ಸಿಲಿಕೋನ್ ಇರುವಲ್ಲಿ ಹೊಸ ಬಣ್ಣ ಹಿಂದೆ ಸರಿದು ದುಂಡನೆಯ ಕುಳಿಗಳು ಬೀಳುತ್ತವೆ. ದ್ವಿಚಕ್ರ ವಾಹನಗಳಿಗಂತೂ ಟೈರ್ ಪಾಲಿಶ್ ಎಂಬುದೇ ಸಲ್ಲದು. ಅವುಗಳ ಟೈರು ದುಂಡಾಗಿದ್ದು, ತಿರುವಿನಲ್ಲಿ ವಾಹನ ವಾಲಿದಾಗ ನೆಲ ಮುಟ್ಟುವುದು ಟೈರಿನ ಭುಜ. ನಿಂತಾಗ ಪಕ್ಕದ ಗೋಡೆಯಂತೆ ಕಾಣುವ ಅದರ ಅಂಚು ವಾಲಿದಾಗ ಹಿಡಿತದ ಜಾಗವಾಗುತ್ತದೆ. ಸ್ಕೂಟರು, ಬೈಕುಗಳನ್ನು ತೊಳೆದ ಮೇಲೆ ಉಚಿತ ಕೊಡುಗೆಯೆಂದು ಟೈರಿಗೆ ಪಾಲಿಶ್ ಬಳಿಯುವವರು ಸವಾರನಿಗೆ ಅಪಾಯವನ್ನೇ ಉಚಿತವಾಗಿ ಕೊಡುತ್ತಾರೆ.

ಇಷ್ಟೆಲ್ಲ ರಸಾಯನ, ಭೌತಶಾಸ್ತ್ರಗಳ ವಾದಕ್ಕಿಂತಲೂ ಬಲವಾದ ಆಕ್ಷೇಪ ಒಂದಿದೆ. ಟೈರಿನ ಸೈಡ್‌ವಾಲ್ ಓದಲೆಂದೇ ಬರೆದಿಟ್ಟ ಪುಟ. ಅಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಆ ಟೈರು 2019ನೇ ವರ್ಷದ 23ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ಬಳಸಿದ ಮೇಲೆ ವರ್ಷಕ್ಕೊಮ್ಮೆ ಪರಿಣತರಿಂದ ತಪಾಸಣೆ ಮಾಡಿಸಬೇಕು, ತಯಾರಾಗಿ ಹತ್ತು ವರ್ಷವಾದ ಟೈರನ್ನು ನೋಡಲು ಚೆನ್ನಾಗಿದ್ದರೂ ಬದಲಾಯಿಸಬೇಕು ಎಂದು ಹೇಳುವ ತಯಾರಕರಿದ್ದಾರೆ. ಅದೇ ಗೋಡೆಯ ಮೇಲೆ ಕೂದಲೆಳೆಯಂಥ ಬಿರುಕುಗಳು, ಗುಂಡಿಗೆ ಬಿದ್ದು ಒಳನೂಲು ಕಡಿದಾಗ ಏಳುವ ಉಬ್ಬು, ಕಲ್ಲು ಕೊಯ್ದ ಗಾಯ ಮೊದಲು ಕಾಣಿಸಿಕೊಳ್ಳುತ್ತವೆ. ಮಿರುಗುವ ಪದರವು ಸಣ್ಣ ಬಿರುಕುಗಳನ್ನು ತುಂಬಿ, ಬೆಳಕನ್ನು ಕಣ್ಣಿಗೆ ಎರಚಿ, ಈ ಪುಟವನ್ನು ಓದಲು ಬಾರದಂತೆ ಮಾಡುತ್ತದೆ. ಹಳೆಯ ಕಾರು ಮಾರಾಟಕ್ಕೆ ನಿಂತಾಗ ಅದರ ಟೈರುಗಳು ಎಂದಿಗಿಂತ ಹೆಚ್ಚು ಹೊಳೆಯುವುದು ಆಕಸ್ಮಿಕವಲ್ಲ. ಕಾರಿನ ಟೈರಿನ ತೋಡು ಕನಿಷ್ಠ 1.6 ಮಿಲಿಮೀಟರ್ ಆಳವಿರಬೇಕೆಂಬುದು ನಮ್ಮ ದೇಶದ ನಿಯಮ. ಆ ಆಳವನ್ನು ಯಾವ ಪಾಲಿಶೂ ಹೆಚ್ಚಿಸಲಾರದು, ಆದರೆ ಕೊಳ್ಳುವವನ ಕಣ್ಣು ಅತ್ತ ಹೋಗದಂತೆ ಮಾಡಬಲ್ಲದು. ಹೊರಗೆ ಥಳಕು ಒಳಗೆ ಹುಳುಕು ಎಂಬ ಮಾತಿಗೆ ಇದಕ್ಕಿಂತ ಅಕ್ಷರಶಃ ಉದಾಹರಣೆ ಸಿಗುವುದು ಕಷ್ಟ.

ಅಂದವೂ ಒಂದು ಮೌಲ್ಯವಲ್ಲವೇ, ದುಡಿದು ಕೊಂಡ ವಾಹನವನ್ನು ಸಿಂಗರಿಸಿದರೆ ತಪ್ಪೇನು ಎಂಬ ಆಕ್ಷೇಪ ಉಳಿಯುತ್ತದೆ. ಅದು ನ್ಯಾಯವಾದ ಆಕ್ಷೇಪ, ಮತ್ತು ಅದಕ್ಕೆ ಉತ್ತರ ವಿಧಾನದಲ್ಲಿದೆ. ಟೈರಿಗೆ ಬೇಕಾದ ನಿಜವಾದ ಸಿಂಗಾರ ತೊಳೆಯುವುದು. ಬಕೆಟ್ಟಿನ ನೀರಿಗೆ ಸೌಮ್ಯವಾದ ಸೋಪು ಬೆರೆಸಿ, ಗಟ್ಟಿ ಎಳೆಗಳ ಬ್ರಷ್ಷಿನಿಂದ ಸೈಡ್‌ವಾಲನ್ನು ಉಜ್ಜಬೇಕು. ಮೊದಲ ನೊರೆ ಕಂದಾಗಿರುತ್ತದೆ, ನೊರೆ ಬೆಳ್ಳಗಾಗುತ್ತ ಬಂದಾಗ ನಿಲ್ಲಿಸಬೇಕು. ಲೋಹದ ಬ್ರಷ್ಷು, ಆಮ್ಲ, ದ್ರಾವಕಗಳು ಬೇಡ. ಚೆನ್ನಾಗಿ ಒಣಗಿದ ಮೇಲೆ ಟೈರು ತನ್ನ ಸಹಜವಾದ ಮಂದ ಕಪ್ಪಿಗೆ ಮರಳಿರುತ್ತದೆ, ಮತ್ತು ಬಹುಪಾಲು ಕಣ್ಣುಗಳಿಗೆ ಅಷ್ಟೇ ಸಾಕೆನಿಸುತ್ತದೆ. ಅದಕ್ಕೂ ಹೆಚ್ಚಿನದು ಬೇಕೆನ್ನುವವರು ನೀರು ಮೂಲದ ಪಾಲಿಶನ್ನು ನೇರವಾಗಿ ಸ್ಪ್ರೇ ಮಾಡದೆ ಸ್ಪಂಜಿಗೆ ಹಾಕಿಕೊಂಡು, ಸೈಡ್‌ವಾಲಿಗಷ್ಟೇ ತೆಳುವಾಗಿ ಸವರಿ, ಹದಿನೈದು ನಿಮಿಷ ಬಿಟ್ಟು, ಉಳಿದದ್ದನ್ನು ಒಣಬಟ್ಟೆಯಿಂದ ಒರೆಸಿ ತೆಗೆಯಬೇಕು. ಒರೆಸಿದ ಮೇಲೆ ಬೆರಳಿಗೆ ಜಿಡ್ಡು ಅಂಟಬಾರದು. ಅಂಟಿದರೆ ಅದು ಹೆಚ್ಚಾಯಿತೆಂದೇ ಅರ್ಥ.

ತೊಳೆಯುವ ನೀರಿನ ಲೆಕ್ಕವನ್ನೂ ಮರೆಯಲಾಗದು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಹೊಳಪಿನ ಗೀಳು ವಾರಕ್ಕೊಮ್ಮೆ ಬೇಡುವ ನೀರಿನ ಬೆಲೆಯನ್ನು ಆ ನಿಷೇಧ ನೆನಪಿಸಿತು. ಹರಿದು ಚರಂಡಿ ಸೇರುವ ನೀರೂ ನಿರಪಾಯವಲ್ಲ. ಅಮೆರಿಕದ ವಾಯವ್ಯ ಕರಾವಳಿಯ ತೊರೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೋ ಸಾಲ್ಮನ್ ಮೀನುಗಳು ಸಾಯುತ್ತಿದ್ದುದಕ್ಕೆ, ಟೈರಿನ 6ಪಿಪಿಡಿ ಓಝೋನ್‌ನೊಡನೆ ವರ್ತಿಸಿ ಹುಟ್ಟುವ ವಸ್ತುವೇ ಕಾರಣವೆಂದು ವಿಜ್ಞಾನಿಗಳು 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದರು. ಟೈರು ಸವೆಯುವುದನ್ನು ನಿಲ್ಲಿಸಲಾಗದು; ಆದರೆ ಅಗತ್ಯವಿಲ್ಲದೆ ದ್ರಾವಕ ಹಾಕಿ ಉಜ್ಜಿ ಅದರ ಸಾರವನ್ನು ಚರಂಡಿಗೆ ಹರಿಸುವುದನ್ನು ನಿಲ್ಲಿಸಬಹುದು.

ಕರ್ನಾಟಕದಲ್ಲಿ ಟೈರುಗಳು ವರ್ಷದಲ್ಲಿ ಅತಿ ಹೆಚ್ಚು ಹೊಳೆಯುವ ದಿನ ಆಯುಧಪೂಜೆ. ಅಂದು ತೊಳೆದು, ಪಾಲಿಶ್ ಬಳಿದು, ಹೂ ಮುಡಿಸಿ, ಕುಂಬಳಕಾಯಿ ಒಡೆದು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ವಾಹನವನ್ನು ಮುಂದಕ್ಕೆ ಚಲಾಯಿಸುತ್ತಾರೆ. ನಿಂಬೆಹಣ್ಣು ಇಡಲು ಹೇಗೂ ಟೈರಿನ ಬಳಿ ಬಗ್ಗಲೇಬೇಕು. ಬಗ್ಗಿದವರು ತೋಡಿನ ಆಳವನ್ನು, ಗೋಡೆಯ ಬಿರುಕುಗಳನ್ನು, ಆ ನಾಲ್ಕು ಅಂಕಿಗಳನ್ನು ಒಮ್ಮೆ ನೋಡಿ, ಗಾಳಿಯ ಒತ್ತಡ ಪರೀಕ್ಷಿಸಿ ಎದ್ದರೆ, ಆಯುಧಕ್ಕೆ ಸಲ್ಲಬೇಕಾದ ಪೂಜೆ ಸಂದಂತೆ. ಪಾಲಿಶ್ ಬಳಿಯುವುದೂ ಬಿಡುವುದೂ ಆಮೇಲಿನ ಮಾತು.